ಬೇಸಗೆಯ ಬೇಗೆಯೂ ಮನೆಯ ಮಗುವೂ

ಕುಂಭ ತಿಂಗಳು ಕಳೆದು ಮೀನ ತಿಂಗಳು ಕಾಲಿರಿಸಿತೆಂದರೆ ನಮ್ಮ ಊರುಗಳಲ್ಲಿ ಮಾತೆಲ್ಲವೂ ಸೆಕೆಯದ್ದೇ. ಬಸ್ಸು ಕಾಯುವಲ್ಲಿ, ರೇಶನ್ ಅಂಗಡಿಯ ಸಾಲಿನಲ್ಲಿ, ಮದುವೆ ಚಪ್ಪರದ ಊಟದ ಪಂಕ್ತಿಯಲ್ಲಿ "ಎಂತಹ ಸೆಕೆ ಮಾರಾಯ್ರೇ" ಎಂದೇ ಮಾತು ಮೊದಲಾಗುತ್ತದೆ. ಹೇಳಿಕೊಂಡ ಮಾತ್ರಕ್ಕೆ ಸೆಕೆ ಕಡಿಮೆಯಾಗುವುದಿಲ್ಲ. ಆದರೆ ಹೇಳಿಕೊಂಡವರಿಗೆ ಅಷ್ಟರ ಮಟ್ಟಿಗೆ ಹಗುರವೆನಿಸುತ್ತದೆ. ಬಾಯಾರಿದರೆ ದೊಡ್ಡವರು ನೀರು ಕೇಳುತ್ತಾರೆ, ತಲೆ ಕಾದರೆ ನೆರಳಿಗೆ ಸರಿಯುತ್ತಾರೆ, ಅಂಗಿ ಕಳಚಿ ಬೈರಾಸನ್ನು ಹೆಗಲಿಗೇರಿಸುತ್ತಾರೆ. ಇದೊಂದನ್ನೂ ಮಾಡಲಾರದ ಜೀವವೊಂದು ಅನೇಕ ಮನೆಗಳಲ್ಲಿದೆ. ಅದು ವರ್ಷ ಒಂದು ತುಂಬಿ ಮೂರು ತುಂಬದ ಮಗು. ಅದಕ್ಕೆ ನಡೆಯಲು ಬರುತ್ತದೆ, ಓಡಲು ಬರುತ್ತದೆ, ತೊಟ್ಟಿಲಿನ ಮಗುವಿನಂತೆ ಇಟ್ಟಲ್ಲಿ ಇರುವುದಿಲ್ಲ. ಆದರೆ ಬಾಯಾರಿತೆಂದು ಹೊತ್ತಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಆಟದ ಗೌಜಿಯಲ್ಲಿ ಬಾಯಾರಿದ್ದು ಅದಕ್ಕೇ ತಿಳಿಯುವುದಿಲ್ಲ. ತಿಳಿಯುವಾಗ ಅಳುತ್ತದೆ, ಅತ್ತರೆ ಮನೆಯವರು ಹಠವೆನ್ನುತ್ತಾರೆ.

ಆದುದರಿಂದ ಬೇಸಗೆಯಲ್ಲಿ ಮಗುವಿನ ಬಾಯಾರಿಕೆಯನ್ನು ನೆನಪಿಟ್ಟುಕೊಳ್ಳುವ ಕೆಲಸ ಮಗುವಿನದ್ದಲ್ಲ, ಮನೆಯದ್ದು. ನಾವಿಲ್ಲಿ ಹೇಳಹೊರಟದ್ದು ಇಷ್ಟೇ. ಆದರೆ ಈ ಇಷ್ಟನ್ನು ನಡೆಸಲು ಮನೆಯ ದಿನಚರಿ, ಅಡುಗೆ, ಅಂಗಳ, ಮಾತು ಎಲ್ಲವೂ ಸ್ವಲ್ಪ ಸ್ವಲ್ಪ ಬದಲಾಗಬೇಕಾಗುತ್ತದೆ.

ನಮ್ಮ ಸೆಕೆಯ ಗುಣ

ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲಿವೆ. ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಇಷ್ಟಿದ್ದೂ ಎಪ್ರಿಲಿನಲ್ಲಿ ಬಾವಿಯ ತಳ ಕಾಣುತ್ತದೆ. ಮಳೆಯ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಮುರಕಲ್ಲಿನ ಗುಡ್ಡಗಳಿಂದ ಇಳಿದು ಕಡಲು ಸೇರುವುದೇ ಇದಕ್ಕೆ ಕಾರಣ. ಉಳಿದದ್ದು ಗಾಳಿಯಲ್ಲಿನ ಪಸೆ. ಈ ಪಸೆಯಿಂದಾಗಿ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದ ಮೇಲೆ ಉಷ್ಣ ಅಲೆಯ ಲೆಕ್ಕ ಹಿಡಿಯುವ ಭಾರತೀಯ ಹವಾಮಾನ ಇಲಾಖೆ, ವಾಡಿಕೆಗಿಂತ ಬಿಸಿ ಏರಿದಾಗ ಕರಾವಳಿಗೆ 37 ಡಿಗ್ರಿಯನ್ನೇ ಗಡಿಯಾಗಿ ಇರಿಸಿಕೊಂಡದ್ದು ಸುಮ್ಮನೆ ಅಲ್ಲ.

2024ರ ಎಪ್ರಿಲ್ ಕೊನೆಯಲ್ಲಿ ಬಿಸಿಲಿನ ಕಾರಣಕ್ಕೆ ಕೇರಳದ ಅಂಗನವಾಡಿಗಳಲ್ಲಿ ಮಕ್ಕಳ ತರಗತಿಯನ್ನು ಒಂದು ವಾರ ನಿಲ್ಲಿಸಬೇಕಾಯಿತು. ಮಳೆಗೆ ರಜೆ ಕೊಡುವುದು ನಮಗೆ ಹೊಸತಲ್ಲ. ಬಿಸಿಲಿಗೆ ರಜೆ ಎಂಬುದನ್ನು ನಮ್ಮ ಹಿರಿಯರು ಕೇಳಿದ್ದರೆ ನಗುತ್ತಿದ್ದರು. ಈಗ ನಗುವಂತಿಲ್ಲ.

ಇದೇ ಬಿಸಿ ಸಣ್ಣ ಮಗುವಿಗೆ ಇನ್ನೂ ಬೇಗ ತಟ್ಟುತ್ತದೆ. ಮೈಯ ಭಾರಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರ ದೊಡ್ಡವರದ್ದಕ್ಕಿಂತ ಹೆಚ್ಚು. ಸಣ್ಣ ಪಾತ್ರೆಯ ನೀರು ಬೇಗ ಕಾಯುವಂತೆ ಸಣ್ಣ ಮೈಯೂ ಬೇಗ ಕಾಯುತ್ತದೆ. ಬೆವರಿ ತಣಿಯುವ ಶಕ್ತಿಯೂ ಅದಕ್ಕೆ ಕಡಿಮೆ. ಅಂಗಳದಲ್ಲಿ ಅಪ್ಪನಿಗೆ "ಸ್ವಲ್ಪ ಸೆಕೆ" ಆಗುವ ಹೊತ್ತಿಗೆ ಪಕ್ಕದಲ್ಲಿ ಆಡುವ ಮಗುವಿಗೆ ಸಾಕೋ ಸಾಕು ಆಗಿರುತ್ತದೆ.

ಹಳೆಯ ದಿನಚರಿಯ ಬುದ್ಧಿ

ಹಿಂದೆ ನಮ್ಮ ಕಡೆಯ ತೋಟದ ಮನೆಗಳಲ್ಲಿ ಬೇಸಗೆಗೆ ಬೇರೆಯೇ ಹೊತ್ತು ಇತ್ತು. ಬೆಳಕು ಹರಿಯುವ ಮೊದಲೇ ತೋಟಕ್ಕೆ ನೀರು ಬಿಡುವ ಕೆಲಸ, ಹತ್ತು ಗಂಟೆಯೊಳಗೆ ಹೊರಗಿನ ಕೆಲಸವೆಲ್ಲ ಪೂರೈಸಿ ಒಳಗೆ ಸೇರುವುದು, ಊಟದ ಮೇಲೆ ಚಾವಡಿಯಲ್ಲಿ ಚಾಪೆ, ಬಿಸಿಲು ತಗ್ಗಿದ ಮೇಲೆ ಮತ್ತೆ ಅಂಗಳ. ಇದನ್ನು ಯಾವ ಇಲಾಖೆಯೂ ಹೇಳಿಕೊಟ್ಟದ್ದಲ್ಲ. ಈಗ ರಾಜ್ಯ ವಿಪತ್ತು ನಿವಾರಣಾ ಪ್ರಾಧಿಕಾರವು ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ತನಕ ನೇರ ಬಿಸಿಲಿಗೆ ಹೋಗಬೇಡಿ ಎಂದು ಪ್ರತಿವರ್ಷ ಹೇಳುವುದೂ ಅದನ್ನೇ.

ಮಗುವಿರುವ ಮನೆಯಲ್ಲಿ ಈ ಹಳೆಯ ಹೊತ್ತನ್ನು ಮರಳಿ ತರುವುದು ಒಳ್ಳೆಯದು. ಬೆಳಗ್ಗೆ ಒಂಬತ್ತರೊಳಗೆ ಅಂಗಳದ ಆಟ. ಹಾಳೆಯಲ್ಲಿ ಕುಳ್ಳಿರಿಸಿ ಎಳೆಯುವುದಿದ್ದರೂ ಆಗಲೇ. ಹನ್ನೊಂದಕ್ಕೆ ಸಾದಾ ನೀರಿನ ಸ್ನಾನ, ಊಟ, ನಿದ್ದೆ. ಸಂಜೆ ಐದರ ಮೇಲೆ ಮತ್ತೆ ಹೊರಗೆ. ತೆಳು ಹತ್ತಿಯ ಸಡಿಲ ಬಟ್ಟೆ ಸಾಕು; ಮನೆಯೊಳಗೆ ಅದೂ ಬೇಡವಾದರೆ ಬೇಡ. ಕುತ್ತಿಗೆಯ ಮಡಿಕೆ, ಕಂಕುಳು, ಬೆನ್ನುಗಳಲ್ಲಿ ಬೆವರುಸಾಲೆ ಎದ್ದರೆ ಪೌಡರ್ ಮೆತ್ತುವ ಅಭ್ಯಾಸ ಅನೇಕರಿಗಿದೆ. ಪೌಡರ್ ಬೆವರಿನೊಂದಿಗೆ ಸೇರಿ ಚರ್ಮದ ಸಣ್ಣ ತೂತುಗಳನ್ನು ಮತ್ತಷ್ಟು ಮುಚ್ಚುತ್ತದೆ. ನೀರಿನಲ್ಲಿ ತೊಳೆದು, ಮೆತ್ತಗೆ ಒರಸಿ, ಗಾಳಿಗೆ ಬಿಡುವುದೇ ಮದ್ದು.

ರಾತ್ರಿಯ ಮಾತು ಬೇರೆ. ಮುಳಿಹುಲ್ಲಿನ ಮಾಡಿನ ಮನೆ ರಾತ್ರಿಗೆ ತಣ್ಣಗಿರುತ್ತಿತ್ತು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಬಂದ ಹಂಚಿನ ಮಾಡಿನಲ್ಲೂ ಸಂದಿನಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ಈಗಿನ ತಾರಸಿ ಹಾಗಲ್ಲ. ಹಗಲು ಕುಡಿದ ಬಿಸಿಯನ್ನು ಅದು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ರಾತ್ರಿ ಹನ್ನೊಂದಕ್ಕೆ ಕಾರಣವಿಲ್ಲದೆ ಚೀರುವ ಮಗುವಿಗೆ ದೃಷ್ಟಿ ತೆಗೆಯುವ ಮೊದಲು ಗೋಡೆಗೊಮ್ಮೆ ಕೈಯಿಟ್ಟು ನೋಡುವುದು ಒಳ್ಳೆಯದು. ತಾರಸಿಯ ಮೇಲೆ ತೆಂಗಿನ ಮಡಲು ಅಥವಾ ಅಡಿಕೆ ಸೋಗೆ ಹರಡುವುದು, ಸಂಜೆ ಕಿಟಿಕಿಗಳನ್ನು ತೆರೆದಿಡುವುದು, ಮಂಚದ ಬದಲು ನೆಲದ ಮೇಲೆ ಸೊಳ್ಳೆಪರದೆಯೊಳಗೆ ಚಾಪೆ ಹಾಸುವುದು ಇವು ಹೆಚ್ಚು ಖರ್ಚಿಲ್ಲದ ಉಪಾಯಗಳು.

ಆಸರಿಗೆ ಎಂತ ಕೊಡುವುದು?

ನೆಂಟರು ಮೆಟ್ಟಿಲೇರಿದೊಡನೆ ಆಸರಿಗೆ ಎಂತ ಬೇಕೆಂದು ಕೇಳುವುದು ನಮ್ಮ ಕುಂಬಳೆ ಸೀಮೆಯ ಮರ್ಯಾದೆ. ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು, ಆಮೇಲೆ ಉಳಿದ ಮಾತು. ಬಂದವರಿಗೆ ಕೊಡುವ ಈ ಮರ್ಯಾದೆಯನ್ನು ಮನೆಯ ಮಗುವಿಗೂ ಕೊಡಬೇಕು. ಬೇಸಗೆಯಲ್ಲಿ ಗಂಟೆಗೊಮ್ಮೆಯಾದರೂ ಎರಡು ಗುಟುಕು ಕೇಳದೆಯೇ ಕೊಡಬೇಕು. ಮಗುವಿಗೆಂದೇ ಒಂದು ಸಣ್ಣ ಲೋಟ ಅದರ ಕಣ್ಣಿಗೆ ಬೀಳುವಲ್ಲಿ ಇದ್ದರೆ, ಮಾತು ಬಾರದ ಮಗುವೂ ಬೆರಳು ತೋರಿಸಲು ಕಲಿಯುತ್ತದೆ.

ಏನು ಕೊಡಬೇಕೆಂದು ಪೇಟೆಯಲ್ಲಿ ಹುಡುಕಬೇಕಾಗಿಲ್ಲ. ಕುದಿಸಿ ತಣಿಸಿದ ನೀರು ಮೊದಲನೆಯದು. ತೆಳು ಮಜ್ಜಿಗೆ, ಗಂಜಿತಿಳಿ, ಬೊಂಡದ ನೀರು, ಎಪ್ರಿಲ್-ಮೇ ತಿಂಗಳಲ್ಲಿ ಹಣ್ಣಾಗುವ ಪುನರ್ಪುಳಿಯ ಶರಬತ್ತು ಎಲ್ಲವೂ ಆಗಬಹುದು. ಶರಬತ್ತಿಗೆ ಬೆಲ್ಲ ಮಿತವಾಗಿರಲಿ. ಬಣ್ಣದ ಬಾಟಲಿ ಪಾನೀಯಗಳು ಬಾಯಾರಿಕೆಯ ಬದಲು ಸಿಹಿಯ ಚಟವನ್ನು ಕಲಿಸುತ್ತವೆ. ಆರು ತಿಂಗಳಿನೊಳಗಿನ ಕೂಸು ಮನೆಯಲ್ಲಿದ್ದರೆ ಅದಕ್ಕೆ ಮಾತ್ರ ಎಷ್ಟೇ ಸೆಕೆಯಿದ್ದರೂ ಎದೆಹಾಲೇ ಸಾಕು, ನೀರು ಬೇಡ. ಬಾಯಾರುವುದು ಆ ತಾಯಿಗೆ. ನೀರು ಅವಳಿಗೆ ಹೆಚ್ಚು ಕೊಡಬೇಕು.

ಸೆಕೆಗೆ ಮಗು ಊಟ ಬಿಡುವುದು ಸಹಜ. ತಟ್ಟೆ ಹಿಡಿದು ಅಂಗಳವೆಲ್ಲ ಓಡುವ ಬದಲು ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ಕೊಡಬಹುದು. ರಾಗಿ ಮಣ್ಣಿ, ಮೊಸರನ್ನ, ಒಂದೆಲಗದ ತಂಬುಳಿ ಕಲಸಿದ ಮೆತ್ತಗಿನ ಅನ್ನ ಮಗುವಿನ ಗಂಟಲಿಗೂ ಹಿತ. ಅಂಗನವಾಡಿಯಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಸಿಗುವ ಅಮೃತಂ ಹುಡಿಯನ್ನು ಕೆಲವರು ತಾತ್ಸಾರ ಮಾಡುತ್ತಾರೆ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿದ ಆ ಹುಡಿಯನ್ನು ತಯಾರಿಸುವವರು ಕುಟುಂಬಶ್ರೀಯ ಮಹಿಳೆಯರು; ಅದರ ಸೂತ್ರ ರೂಪುಗೊಂಡದ್ದು 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ನಮ್ಮ ಕಾಸರಗೋಡಿನ ಸಿ.ಪಿ.ಸಿ.ಆರ್.ಐ.ಯಲ್ಲಿ. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಯೂ ನಿಜವಾಗುವುದು ಬೇಡ.

ಹಣ್ಣುಗಳ ಕಾಲವಿದು. ಕಾಟು ಮಾವಿನ ತೊಟ್ಟಿನ ಸೊನೆ ಎಳೆಯ ತುಟಿಯನ್ನು ಸುಡುತ್ತದೆ. ತೊಟ್ಟು ಮುರಿದು, ನೀರಿನಲ್ಲಿ ಹಾಕಿಟ್ಟು, ತೊಳೆದು ಕೊಡಬೇಕು. ಹಲಸಿನ ಹಣ್ಣಾದರೆ ಬರಿಕ್ಕೆಯ ಸೊಳೆಯನ್ನು ಸಣ್ಣ ಚೂರು ಮಾಡಿ ಕೊಡಬಹುದು. ತುಳುವದ ಸೊಳೆ ಜಾರಿ ಹಾಗೆಯೇ ಗಂಟಲಿಗಿಳಿಯುತ್ತದೆ. ಹಲ್ಲು ಪೂರಾ ಬಾರದ ಮಗುವಿಗೆ ಅದು ಬೇಡ.

ನೀರು ಎಲ್ಲಿಯದು?

ನಮ್ಮ ಗುಡ್ಡದ ಬದಿಯ ಮನೆಗಳಿಗೆ ಸುರಂಗವೇ ತಾಯಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆದುಹೋಗುವಷ್ಟೇ ಅಗಲಕ್ಕೆ ಕೊರೆದ ಈ ಗುಹೆಯಿಂದ ಒಸರುವ ನೀರು ಯಾವ ಪಂಪಿನ ಹಂಗೂ ಇಲ್ಲದೆ ಮನೆಯ ಟ್ಯಾಂಕಿಗೆ ಬರುತ್ತದೆ. ಪೆರ್ಲದಾಚೆಯ ಗಡಿಗೆ ತಾಗಿದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬರಡು ಗುಡ್ಡದಲ್ಲಿ ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಸಂದಿತು. ಸುರಂಗದ ನೀರು ಬೇಸಗೆಯಲ್ಲೂ ತಣ್ಣಗೆ, ತಿಳಿಯಾಗಿ ಇರುತ್ತದೆ. ಆದರೆ ತಿಳಿಯಾದದ್ದೆಲ್ಲ ಶುದ್ಧವಲ್ಲ. ಸುರಂಗದಲ್ಲಿ ಬಾವಲಿ ಇರುತ್ತದೆ, ಟ್ಯಾಂಕಿಯಲ್ಲಿ ಕಪ್ಪೆ ಇರುತ್ತದೆ. ಬೇಸಗೆಯ ಕೊನೆಯಲ್ಲಿ ಬಾವಿಯ ನೀರು ತಗ್ಗಿದಂತೆ ಕೊಳೆಯ ಪಾಲೂ ಹೆಚ್ಚುತ್ತದೆ. ಮಗುವಿಗೆ ಕೊಡುವ ನೀರು ಎಲ್ಲಿಯದೇ ಇರಲಿ, ಕೊತಕೊತ ಕುದಿಯಲೇಬೇಕು. ಕುದಿಸಿದ್ದಕ್ಕೆ ಹಸಿ ನೀರು ಬೆರೆಸಿ ಹದ ಮಾಡುವುದು ಕುದಿಸದೆ ಇದ್ದಂತೆಯೇ ಸರಿ.

ಇಷ್ಟಾಗಿಯೂ ಭೇದಿ ಹಿಡಿದರೆ ಗಾಬರಿಯಾಗದೆ, ತಡವನ್ನೂ ಮಾಡದೆ ಒ.ಆರ್.ಎಸ್. ಕೊಡಬೇಕು. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಬನಗಾಂವ್ ಶಿಬಿರದಲ್ಲಿ ನಾಳಕ್ಕೆ ಹಾಕುವ ಗ್ಲೂಕೋಸ್ ಮುಗಿದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಸಕ್ಕರೆ, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತು ಇದ್ದ ಸಾವು ನಾಲ್ಕಕ್ಕೂ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು. ಮಗುವನ್ನು ಉಳಿಸುವುದು ತಾಯಿಯ ಕೈಯ ಚಮಚವೇ ಎಂದು ತೋರಿಸಿದವರು ಅವರು.

ದೊಡ್ಡ ಪೊಟ್ಟಣವನ್ನು ಕುದಿಸಿ ತಣಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಅಂದಾಜಿಗೆ ಅರ್ಧ ಹಾಕಬಾರದು. ಒಂದು ದಿನ ಕಳೆದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ಮೇಲೆ 50ರಿಂದ 100 ಮಿಲ್ಲಿಲೀಟರ್, ಎರಡು ದಾಟಿದವರಿಗೆ 100ರಿಂದ 200, ಚಮಚ ಚಮಚವಾಗಿ. ಪೊಟ್ಟಣವಿಲ್ಲದ ಹೊತ್ತಿಗೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚಗಳು ಗೋಪುರವಾಗಿರದೆ ಮಟ್ಟಸವಾಗಿರಬೇಕು. ಜೊತೆಗೆ ವೈದ್ಯರು ಹೇಳುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಗಿಸಬೇಕು.

ಆರೇಳು ಗಂಟೆ ಮೂತ್ರ ಹೋಗದಿರುವುದು, ಅಳುವಾಗ ಕಣ್ಣೀರು ಬಾರದಿರುವುದು, ಕಣ್ಣು ಗುಳಿಬೀಳುವುದು, ಬಾಯಿ ಒಣಗಿ ಮಗು ಸಪ್ಪೆಯಾಗುವುದು ಇವು ಮನೆಮದ್ದಿನ ಹಂತ ದಾಟಿದ ಲಕ್ಷಣಗಳು. ಮೈ ಕೆಂಡದಂತೆ ಕಾದು ಮಗು ಮಂಕಾದರೆ ಅಥವಾ ಸೆಟೆದುಕೊಂಡರೆ, ನೆರಳಿಗೆ ತಂದು ಬಟ್ಟೆ ಬಿಚ್ಚಿ ಮೈಯೆಲ್ಲ ನೀರಿನಲ್ಲಿ ಒರಸುತ್ತ, ಗಾಳಿ ಬೀಸುತ್ತ ಆಸ್ಪತ್ರೆಗೆ ಹೊರಡಬೇಕು. ಪ್ರಜ್ಞೆ ಸರಿಯಿಲ್ಲದ ಮಗುವಿನ ಬಾಯಿಗೆ ನೀರು ಹೊಯ್ಯಬಾರದು.

ಅಂಗಳದ ಅಪಾಯಗಳು

ನೀರಿನ ಬರಗಾಲದಲ್ಲಿ ನೀರಿನಿಂದಲೇ ಇನ್ನೊಂದು ಅಪಾಯವಿದೆ. ನೀರು ಬಂದಾಗ ಹಂಡೆ, ಡ್ರಮ್, ಬಕೆಟುಗಳನ್ನೆಲ್ಲ ತುಂಬಿಡುವುದು ಈ ದಿನಗಳ ರೂಢಿ. ಸೆಕೆಗೆ ಮಗು ನೀರಾಟಕ್ಕೆ ಹಾತೊರೆಯುವುದೂ ಈ ದಿನಗಳಲ್ಲೇ. ಬಕೆಟಿಗೆ ಬಗ್ಗಿದ ಮಗು ತಲೆಭಾರಕ್ಕೆ ಒಳಗೆ ಬಿದ್ದರೆ ಎದ್ದುಬರಲಾರದು. ನಾಲ್ಕು ಬೆರಳು ನೀರೂ ಪ್ರಾಣಾಂತಿಕ. ಪಾತ್ರೆಗಳಿಗೆ ಮುಚ್ಚಳ, ಬಚ್ಚಲು ಮನೆಗೆ ಚಿಲಕ, ತೋಟದ ಕೆರೆಗೂ ಟ್ಯಾಂಕಿಗೂ ಒಂದು ಬೇಲಿ ಇರಲೇಬೇಕು.

ಅಂಗಳದಲ್ಲಿ ಒಣಗಲು ಹರಡಿದ ಅಡಿಕೆ ದೊಡ್ಡವರಿಗೆ ವರ್ಷದ ಸಂಪಾದನೆ. ಮಗುವಿಗೆ ಬಾಯಿಗೆ ಹಾಕಲು ಹದವಾದ ಗೋಲಿ. ಉಸಿರ ಕೊಳವೆಗೆ ಸಿಕ್ಕಿಕೊಳ್ಳಲು ಅದೊಂದೇ ಸಾಕು. ಅಡಿಕೆ ಅಂಗಳದ ಮೂಲೆಯನ್ನು ಬಲೆ ಕಟ್ಟಿ ಬೇರ್ಪಡಿಸುವುದು ಕೋಳಿಗಾಗಿ ಮಾತ್ರವಲ್ಲ. ಮೇ ತಿಂಗಳಲ್ಲಿ ಕೊಳೆರೋಗದ ಮದ್ದಿಗೆಂದು ತಂದಿಡುವ ಮೈಲುತುತ್ತು ಇನ್ನೊಂದು. ಅಷ್ಟು ಚಂದದ ನೀಲಿ ಹರಳು ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯಲ್ಲದೆ ಮತ್ತೇನು? ಅದು ಬೀಗದೊಳಗೆ, ಎತ್ತರದಲ್ಲಿ ಇರಬೇಕು. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಈ ಜಿಲ್ಲೆಯಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯುವ ತನಕ ಎಷ್ಟು ಮಕ್ಕಳ ಬಾಳು ಬಲಿಯಾಯಿತೆಂದು ಕಂಡ ನಮಗೆ, ಮಕ್ಕಳಿರುವಲ್ಲಿ ವಿಷ ಎಷ್ಟು ದೂರ ಇರಬೇಕೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಜಂಬ್ರದ ಮನೆಯಲ್ಲಿ

ಬಿಸುವಿನಿಂದ ಪತ್ತನಾಜೆಯ ತನಕ ನಮ್ಮವರಿಗೆ ಬಿಡುವಿಲ್ಲ. ಮದುವೆ, ಒಕ್ಕಲು, ಬ್ರಹ್ಮಕಲಶ, ಕೋಲ, ಆಟ. ಮೇ 24-25ರ ಸುಮಾರಿಗೆ ಪತ್ತನಾಜೆ ಬಂದು ಮೇಳಗಳು ಗೆಜ್ಜೆ ಬಿಚ್ಚುವ ತನಕ ಹೀಗೆಯೇ. ಇದಕ್ಕೆಲ್ಲ ಮಗುವನ್ನು ಬಿಟ್ಟು ಹೋಗಲಾಗದು. ಹೋಗಬೇಕೆಂದೂ ನಾವು ಹೇಳುವುದಿಲ್ಲ. ನೆಂಟರ ನಡುವೆ ಬೆಳೆಯುವುದು ಮಗುವಿನ ಭಾಗ್ಯ. ಆದರೆ ಜರಿಯ ಅಂಗಿ ಫೋಟೋ ಆಗುವಷ್ಟು ಹೊತ್ತು ಸಾಕು, ಆಮೇಲೆ ಹತ್ತಿಯದು. ಮನೆಯ ನೀರಿನ ಬಾಟಲಿ ಚೀಲದಲ್ಲಿ ಇರಲಿ. ಮಂಜುಗಡ್ಡೆ ಹಾಕಿದ ಶರಬತ್ತಿನ ನೀರು ಎಲ್ಲಿಯದೋ ಬಲ್ಲವರಾರು? ನಿದ್ದೆ ಹೋದ ಮಗುವನ್ನು ಎಬ್ಬಿಸುವುದೇಕೆಂದು ಕಾರಿನಲ್ಲಿ ಮಲಗಿಸಿ ಗಾಜು ಏರಿಸಿ ಹೋಗುವುದು ಮಾತ್ರ ಎಂದಿಗೂ ಕೂಡದು. ಬಿಸಿಲಲ್ಲಿ ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ.

ಬಾಯಾರಿಕೆಗೆ ಒಂದು ಮಾತು

ನಮ್ಮ ಮನೆಗಳ ವಿಶೇಷವೊಂದು ಇದೆ. ಬಾಯಾರಿಕೆಗೆ ಹವ್ಯಕರ ಮನೆಯ ಮಗು 'ಆಸರು' ಎನ್ನುತ್ತದೆ, ತುಳು ಮನೆಯದ್ದು 'ಬಾಜೆಲ್' ಎನ್ನುತ್ತದೆ. ಕೊಂಕಣಿ, ಮರಾಠಿ, ಬ್ಯಾರಿ ಮನೆಗಳಲ್ಲಿ ಮತ್ತೆ ಬೇರೆ. ಶಾಲೆಯ ಪುಸ್ತಕದಲ್ಲಿ ಬಾಯಾರಿಕೆ. ಅಂಗನವಾಡಿಯ ಅಧ್ಯಾಪಿಕೆ ಮಲಯಾಳ ಮಾತ್ರ ಬಲ್ಲವರಾದರೆ, ಮೂರು ವರ್ಷದ ಮಗು 'ಆಸರು, ಆಸರು' ಎಂದು ಅತ್ತರೂ ಅವರಿಗೆ ಅರ್ಥವಾಗದು. ಆ ಅಧ್ಯಾಪಿಕೆಯ ತಪ್ಪೇನೂ ಇಲ್ಲ. ಮಗುವಿನದ್ದಂತೂ ಇಲ್ಲವೇ ಇಲ್ಲ. ಆದರೆ ಸೆಕೆಯ ದಿನ ಅರ್ಥವಾಗದೆ ಹೋಗುವ ಈ ಒಂದು ಪದದ ಬೆಲೆ ಸಣ್ಣದಲ್ಲ.

ಮಾಡಬೇಕಾದ್ದು ಸುಲಭ. ನೀರು, ಹಸಿವು, ಮೂತ್ರ, ನೋವು ಈ ನಾಲ್ಕಕ್ಕೆ ನಮ್ಮ ಮಗು ಹೇಳುವ ಮಾತುಗಳನ್ನು ಸೇರಿಸುವ ದಿನವೇ ಅಧ್ಯಾಪಿಕೆಗೆ ಹೇಳಿಕೊಡಬೇಕು, ಅವರ ಲಿಪಿಯಲ್ಲಿ ಬರೆದೂ ಕೊಡಬಹುದು. ಮಗುವಿಗೆ 'ವೆಳ್ಳಂ' ಎಂಬುದನ್ನೂ ಕಲಿಸಬೇಕು. ಅದರಿಂದ ಕನ್ನಡ ಸೋಲುವುದಿಲ್ಲ. ನೀರಿಗೆ ಎರಡು ಮಾತು ಬಲ್ಲ ಮಗು ಎರಡು ಕಡೆಯೂ ಬಾಯಾರದೆ ಇರುತ್ತದೆ. ಇನ್ನು ಸೆಕೆಯ ಎಚ್ಚರಿಕೆಯ ಪ್ರಕಟಣೆಗಳು ಮಲಯಾಳದಲ್ಲಿ ಮಾತ್ರ ಬಂದರೆ, ಕನ್ನಡ ಶಾಲೆಯಲ್ಲಿ ಕಲಿತ ಅಜ್ಜಿಗೆ ಅವು ಓದಲಾಗದ ಕಾಗದ. ಹಗಲಿಡೀ ಮಗುವನ್ನು ನೋಡಿಕೊಳ್ಳುವವರು ಅವರೇ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಪಂಚಾಯತಿಗೆ ಕನ್ನಡದಲ್ಲೇ ಒಂದು ಅರ್ಜಿ ಬರೆದು ಈ ಪ್ರಕಟಣೆಗಳನ್ನು ಕನ್ನಡದಲ್ಲೂ ಕೊಡಿರೆಂದು ಕೇಳುವುದು ಚಳವಳಿಯಲ್ಲ, ಮಗುವಿನ ಆರೈಕೆಯ ಒಂದು ಭಾಗ.

ಮಧ್ಯಾಹ್ನದ ಹೊತ್ತು

ಬಿಸಿಲು ಮಗುವನ್ನು ಹೊರಗಿನಿಂದ ಒಳಗೆ ತಂದು ಕೂರಿಸುತ್ತದೆ. ಊಟವಾಗಿ ನಿದ್ದೆ ಬರುವ ತನಕದ ಆ ಹೊತ್ತನ್ನು ಇಂದು ಹೆಚ್ಚಿನ ಮನೆಗಳಲ್ಲಿ ಮೊಬೈಲ್ ನುಂಗುತ್ತಿದೆ. ಎರಡು ವರ್ಷದೊಳಗಿನ ಮಗುವಿಗೆ ಪರದೆ ತೋರಿಸುವುದೇ ಬೇಡ, ಆ ಮೇಲೆ ನಾಲ್ಕರ ತನಕ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೊಬೈಲ್ ಮಾತಾಡುತ್ತದೆ, ಆದರೆ ಮಗುವಿನ ಮಾತಿಗೆ ಉತ್ತರ ಕೊಡುವುದಿಲ್ಲ. ಉತ್ತರ ಸಿಗದ ಮಾತು ಬೆಳೆಯುವುದಿಲ್ಲ.

ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕುತ್ತ, ಗುಬ್ಬಿಯ ಕತೆಯನ್ನೋ ಕಾಗೆಯ ಕತೆಯನ್ನೋ ಅಜ್ಜಿ ಹೇಳುವಾಗ ಮಗು ನಡುನಡುವೆ ಕೇಳುವ ಪ್ರಶ್ನೆಗಳಲ್ಲೇ ಅದರ ಭಾಷೆ ಹುಟ್ಟುತ್ತದೆ. ಕರಾವಳಿಯ ಮಕ್ಕಳಿಗೆ ಪಂಜೆ ಮಂಗೇಶರಾಯರು ಬರೆದುಕೊಟ್ಟ ಪದ್ಯಗಳು ನಮ್ಮ ಅನೇಕ ಅಜ್ಜಂದಿರಿಗೆ ಇಂದಿಗೂ ಬಾಯಿಪಾಠ. ಪೇಟೆಯಲ್ಲಿ, ಬಸ್ಸಿನ ಫಲಕದಲ್ಲಿ, ಅಂಗಡಿಯಲ್ಲಿ ಕನ್ನಡ ಕಾಣಸಿಗುವುದು ಕಡಿಮೆಯಾದ ಈ ಕಾಲದಲ್ಲಿ, ನಮ್ಮ ಮಗುವಿಗೆ ಕನ್ನಡದ ಮೊದಲ ಶಾಲೆ ಈ ಮಧ್ಯಾಹ್ನದ ಚಾಪೆಯೇ. ಅದಕ್ಕೆ ಶುಲ್ಕವಿಲ್ಲ, ಕಟ್ಟಡ ಬೇಡ, ಯಾರ ಅನುಮತಿಯೂ ಬೇಕಾಗಿಲ್ಲ.

ಇನ್ನು ಕೆಲವೇ ವಾರಗಳಲ್ಲಿ ಪಡುವಣ ಕಡಲಿನ ಮೇಲೆ ಮೋಡ ಕಟ್ಟೀತು, ಜೂನ್ ತಿಂಗಳ ಮೊದಲ ಮಳೆಗೆ ಅಂಗಳ ಘಮ್ಮೆಂದೀತು. ಅಷ್ಟರ ತನಕ ತಾಯಂದಿರೂ ಅಜ್ಜಿಯಂದಿರೂ ದಿನಕ್ಕೆ ಹತ್ತು ಬಾರಿ ಒಂದು ಸಣ್ಣ ಲೋಟ ಹಿಡಿದು ಮಗುವಿನ ಹಿಂದೆ ನಡೆಯಬೇಕು. ಅಪ್ಪಂದಿರೂ ಮಾವಂದಿರೂ ಅದರಲ್ಲಿ ಕೈಜೋಡಿಸಿದರೆ ಲೋಟದ ನೀರೇನೂ ಕಡಿಮೆಯಾಗದು.